ಮುಂದಕ್ಕೆ ಹೋಯಿತೇ, ನಿಂತೇಹೋಯಿತೇ? ‘ಪುಟ್ ಆಫ್’ ಎಂಬ ಪ್ರಯೋಗ



‘ಮ್ಯಾರೇಜ್ ಪುಟ್ ಆಫ್ ಲೆಟರ್ ಫಾಲೋಸ್.’ ಈ ಐದು ಪದಗಳನ್ನು ನೀವು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನನಗೆ ಈ ಪ್ರಶ್ನೆ ಎದುರಾದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ನಮ್ಮ ಊರಿನಲ್ಲಿ ಪಕ್ಕದ ಮನೆಯ ಅಕ್ಕನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಹಂಚಿ ಆಗಿತ್ತು, ಚಪ್ಪರಕ್ಕೆ ಗಳ ಬಂದು ಅಂಗಳದಲ್ಲಿ ಬಿದ್ದಿತ್ತು. ಮದುವೆಗೆ ಒಂಬತ್ತು ದಿನ ಇರುವಾಗ ಮಧ್ಯಾಹ್ನ ಟೆಲಿಗ್ರಾಂ ಬಂತು. ಈಗ ನಿಮ್ಮಲ್ಲಿ ಹಲವರು ಟೆಲಿಗ್ರಾಂ ಎಂಬುದನ್ನು ಕಂಡೇ ಇರಲಾರಿರಿ. ನಮ್ಮ ದೇಶದಲ್ಲಿ ಆ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು. ಪದಕ್ಕೆ ಇಷ್ಟು ಎಂದು ಹಣ ಕಟ್ಟಬೇಕಾದ್ದರಿಂದ ಜನ ಪದಗಳನ್ನು ಎಣಿಸಿ ಬರೆಯುತ್ತಿದ್ದರು. ಹಳ್ಳಿಯಲ್ಲಿ ಟೆಲಿಗ್ರಾಂ ಬಂತೆಂದರೆ ಒಡೆಯುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಇಂಗ್ಲಿಷ್ ಓದಬಲ್ಲವನು ಆ ಹೊತ್ತಿಗೆ ಕೈಗೆ ಸಿಕ್ಕವನು ನಾನೇ.

‘ಏನಂತಪ್ಪಾ ಬರ್ದಿದಾರೆ?’ ಎಂದು ಆ ಮನೆಯ ದೊಡ್ಡಪ್ಪ ಕೇಳಿದರು.

‘ಮದುವೆ ನಿಂತುಹೋಯ್ತಂತೆ ದೊಡ್ಡಪ್ಪ’ ಎಂದೆ.

ನನಗೆ ಅನುಮಾನವೇ ಬರಲಿಲ್ಲ. ರೇಡಿಯೋ ಆಫ್ ಮಾಡಿದರೆ ರೇಡಿಯೋ ನಿಲ್ಲುತ್ತದೆ. ಪಂಪ್ ಆಫ್ ಮಾಡಿದರೆ ನೀರು ನಿಲ್ಲುತ್ತದೆ. ಮದುವೆ ಆಫ್ ಆದರೆ ಮದುವೆ ನಿಂತ ಹಾಗೆಯೇ ಅಲ್ಲವೇ? ಆ ಸಂಜೆಯೇ ಚಪ್ಪರದ ಗಳ ವಾಪಸು ಹೋದವು. ಒಳಗಿನಿಂದ ಅಳು ಕೇಳುತ್ತಿತ್ತು. ದೊಡ್ಡಪ್ಪ ಅಂಗಡಿ ಕಟ್ಟೆಯ ಮೇಲೆ ಕುಳಿತು ಗಂಡಿನ ಮನೆಯವರ ಬಗ್ಗೆ ಆಡಬಾರದ ಮಾತುಗಳನ್ನು ಹತ್ತು ಜನರ ಎದುರಿಗೆ ಆಡಿದರು. ನಾಲ್ಕನೆಯ ದಿನ ಕಾಗದ ಬಂತು. ಹುಡುಗನ ಅಜ್ಜಿ ತೀರಿಕೊಂಡಿದ್ದರು. ಸೂತಕ ಕಳೆದ ಮೇಲೆ ಮುಂದಿನ ತಿಂಗಳು ಇಂಥ ದಿನ ಮುಹೂರ್ತ ಇಟ್ಟುಕೊಳ್ಳೋಣ ಎಂದು ಅವರು ವಿನಯದಿಂದಲೇ ಬರೆದಿದ್ದರು. ಆದರೆ ಅವರ ಕಾಗದ ನಮ್ಮ ಊರಿಗೆ ತಲುಪುವ ಮೊದಲೇ ನಮ್ಮ ಊರಿನ ಮಾತು ಅವರ ಊರಿಗೆ ತಲುಪಿತ್ತು. ಮದುವೆಯೇನೋ ಆಯಿತು. ಆದರೆ ಮೊದಲ ದೀಪಾವಳಿಗೆ ಅಕ್ಕನನ್ನು ತವರಿಗೆ ಕಳುಹಿಸಲಿಲ್ಲ. ದೊಡ್ಡಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಇಂಗ್ಲಿಷ್ ಬಾರದ ಅವರಿಗೆ ತಪ್ಪು ಎಲ್ಲಿ ಆಯಿತೆಂದು ತಿಳಿದಿತ್ತೋ ಇಲ್ಲವೋ, ನಾನೂ ಕೇಳಲಿಲ್ಲ.

ಹಾಗಾಗಿ ಈ ಎರಡು ಪದಗಳ ಮೇಲೆ ನನಗೆ ಸ್ವಲ್ಪ ಹೆಚ್ಚೇ ಕಾಳಜಿ. ಪರದೆಯ ಮೇಲೆ ಹೇಳುವಾಗ ಗಡಿಯಾರ ನೋಡಿಕೊಂಡು ಹೇಳಬೇಕಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

‘ಪುಟ್’ ಎಂದರೆ ಇಡು. ಇದು ನಿಮಗೆ ಒಂದನೆಯ ಪಾಠದಿಂದಲೇ ಗೊತ್ತು. ‘ಆಫ್’ ಎಂಬುದನ್ನು ಮಾತ್ರ ನಾವು ಸ್ವಿಚ್ಚಿನಿಂದ ಕಲಿತವರು. ಸ್ವಿಚ್ಚು ಬರುವುದಕ್ಕೆ ನೂರಾರು ವರ್ಷ ಮೊದಲೇ ಆ ಪದ ಇತ್ತು. ಒಂದು ಎಫ್ ಇರುವ ‘ಅವ್’ ಮತ್ತು ಎರಡು ಎಫ್ ಇರುವ ‘ಆಫ್’ ಹಿಂದೆ ಒಂದೇ ಪದವಾಗಿದ್ದವು. ಒತ್ತಿ ಹೇಳಿದ ರೂಪ ‘ಆಫ್’ ಆಗಿ ಬೇರೆ ನಿಂತಿತು. ಅದರ ಮೂಲ ಅರ್ಥ ‘ನಿಲ್ಲಿಸುವುದು’ ಅಲ್ಲ, ‘ದೂರ’, ‘ಕಳಚಿಕೊಂಡು ಆಚೆಗೆ’ ಎಂದು. ವಿಮಾನ ನೆಲದಿಂದ ದೂರವಾದರೆ ‘ಟೇಕ್ ಆಫ್’. ಗುಂಡಿ ಅಂಗಿಯಿಂದ ಕಳಚಿ ಬಿದ್ದರೆ ‘ಕಮ್ ಆಫ್’. ವಿದ್ಯುತ್ತಿನ ಸಂಪರ್ಕ ಕಳಚಿದರೆ ‘ಸ್ವಿಚ್ ಆಫ್’. ಸಂಪರ್ಕ ಕಳಚಿದ್ದರಿಂದ ಯಂತ್ರ ನಿಂತಿತು, ಅಷ್ಟೆ. ಈ ‘ದೂರ’ ಎಂಬ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ‘ಪುಟ್ ಆಫ್’ ಎಂಬುದರ ಎಲ್ಲ ಅರ್ಥಗಳೂ ಒಂದರ ಹಿಂದೆ ಒಂದು ತಾವಾಗಿಯೇ ಬರುತ್ತವೆ. ಗೊತ್ತಾದ ದಿನದಿಂದ ಕೆಲಸವನ್ನು ದೂರ ಇಟ್ಟರೆ ಅದು ಮುಂದೂಡುವುದು. ‘ದೇ ಪುಟ್ ಆಫ್ ದಿ ಮೀಟಿಂಗ್’ ಎಂದರೆ ಸಭೆಯನ್ನು ಮುಂದಕ್ಕೆ ಹಾಕಿದರು. ಸಭೆ ಇದೆ, ದಿನ ಮಾತ್ರ ಬೇರೆ.

ಹಾಗಾದರೆ ನಿಂತೇಹೋಗುವುದಕ್ಕೆ ಏನು ಹೇಳಬೇಕು? ‘ಕಾಲ್ ಆಫ್’. ಕೂಗಿ ಹಿಂದಕ್ಕೆ ಕರೆಯುವ ಚಿತ್ರ ಅದರಲ್ಲಿದೆ. ಅಟ್ಟಿಸಿಕೊಂಡು ಹೋಗುತ್ತಿರುವ ನಾಯಿಯನ್ನು ಒಡೆಯ ಕೂಗಿ ಕರೆದುಕೊಂಡರೂ ಇದೇ ಪದ. ಚೌರಿಚೌರಾ ಘಟನೆಯ ನಂತರ 1922ರ ಫೆಬ್ರವರಿಯಲ್ಲಿ ಗಾಂಧೀಜಿ ಅಸಹಕಾರ ಚಳವಳಿಯನ್ನು ಹಿಂತೆಗೆದುಕೊಂಡರು ಎಂದು ನಿಮ್ಮ ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅಲ್ಲಿ ‘ಕಾಲ್ಡ್ ಆಫ್’ ಎಂದಿರುತ್ತದೆ. ‘ಪುಟ್ ಆಫ್’ ಎಂದಿದ್ದರೆ ಮಾರ್ಚ್ ತಿಂಗಳಲ್ಲೋ ಏಪ್ರಿಲ್‌ನಲ್ಲೋ ಮತ್ತೆ ಶುರು ಎಂಬ ಅರ್ಥ ಬಂದುಬಿಡುತ್ತಿತ್ತು.

ಈ ಎರಡರ ವ್ಯತ್ಯಾಸವನ್ನು ಟೋಕಿಯೋ ನಗರಕ್ಕಿಂತ ಚೆನ್ನಾಗಿ ಬಲ್ಲ ಊರು ಇನ್ನೊಂದಿಲ್ಲ. 1940ರ ಒಲಿಂಪಿಕ್ಸ್ ಆ ನಗರಕ್ಕೆ ದೊರೆತಿತ್ತು. ಚೀನಾದೊಡನೆ ಯುದ್ಧದಲ್ಲಿ ತೊಡಗಿದ್ದ ಜಪಾನು 1938ರಲ್ಲಿ ಅದನ್ನು ಕೈಬಿಟ್ಟಿತು. ಆಮೇಲೆ ಹೆಲ್ಸಿಂಕಿಗೆ ಕೊಟ್ಟರು. ಮಹಾಯುದ್ಧ ಶುರುವಾಗಿ ಕೂಟವೇ ನಡೆಯಲಿಲ್ಲ. ಅದು ‘ಕಾಲ್ಡ್ ಆಫ್’. ಎಂಬತ್ತು ವರ್ಷಗಳ ನಂತರ ಮತ್ತೆ ಅದೇ ನಗರಕ್ಕೆ 2020ರ ಒಲಿಂಪಿಕ್ಸ್ ಸಿಕ್ಕಿತು. ಕೊರೋನಾ ಬಂತು. 2020ರ ಮಾರ್ಚ್ 24ರಂದು ಕೂಟವನ್ನು ಮುಂದೂಡುವ ತೀರ್ಮಾನವಾಯಿತು. 2021ರ ಜುಲೈ 23ರಂದು ಉದ್ಘಾಟನೆ ನಡೆಯಿತು. ಹೆಸರು ಮಾತ್ರ ‘ಟೋಕಿಯೋ 2020’ ಎಂದೇ ಉಳಿಯಿತು. ಅದು ‘ಪುಟ್ ಆಫ್’. ಅದೇ ವರ್ಷ ವಿಂಬಲ್ಡನ್ ಟೆನಿಸ್ ನಡೆಯಲೇ ಇಲ್ಲ. ಅದು ಮತ್ತೆ ‘ಕಾಲ್ಡ್ ಆಫ್’.

ದೂರದ ಟೋಕಿಯೋ ಏಕೆ, ನಮ್ಮ ರಾಜ್ಯದ ಪರೀಕ್ಷೆಗಳನ್ನೇ ನೋಡಿ. 2020ರ ಮಾರ್ಚ್ 23ರಂದು ದ್ವಿತೀಯ ಪಿಯುಸಿಯ ಒಂದು ಪತ್ರಿಕೆ ಬಾಕಿ ಇತ್ತು. ಯಾವುದು ಗೊತ್ತೇ? ಇಂಗ್ಲಿಷ್! ಅದು ಮುಂದಕ್ಕೆ ಹೋಗಿ ಜೂನ್ 18ರಂದು ನಡೆಯಿತು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಂದು ಶುರುವಾಯಿತು. ಎರಡೂ ‘ಪುಟ್ ಆಫ್’. ನೆರೆಯ ತಮಿಳುನಾಡು, ತೆಲಂಗಾಣಗಳಲ್ಲಿ ಅದೇ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ರದ್ದು ಮಾಡಿದರು. ಅಲ್ಲಿ ‘ಕಾಲ್ಡ್ ಆಫ್’. ಮರುವರ್ಷ, 2021ರಲ್ಲಿ, ನಮ್ಮಲ್ಲೂ ಕಾಲೇಜಿನಲ್ಲಿ ಓದುತ್ತಿದ್ದವರ ಮಟ್ಟಿಗೆ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಮಾತ್ರ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಮುಗಿಯಿತು. ಆ ದಿನಗಳಲ್ಲಿ ಮನೆಯಲ್ಲಿದ್ದ ಅಣ್ಣನನ್ನೋ ಅಕ್ಕನನ್ನೋ ಕೇಳಿ. ‘ರದ್ದಾಯಿತಂತೆ’ ಎಂದು ಗಾಳಿಮಾತು ನಂಬಿ ಪುಸ್ತಕ ಮುಚ್ಚಿಟ್ಟವರ ಪಾಡು ಏನಾಯಿತೆಂದು ಹೇಳುತ್ತಾರೆ.

ಒಂದು ಕಡೆ ಮಾತ್ರ ಈ ಗೆರೆ ಸ್ವಲ್ಪ ಅಳಿಸಿದಂತೆ ಕಾಣುತ್ತದೆ. 2019ರ ಜುಲೈ 15ರಂದು ಚಂದ್ರಯಾನ-2 ಹಾರಬೇಕಿತ್ತು. ಐವತ್ತಾರು ನಿಮಿಷ ಉಳಿದಿರುವಾಗ ತಾಂತ್ರಿಕ ತೊಂದರೆ ಕಂಡು ನಿಲ್ಲಿಸಿದರು. ಜುಲೈ 22ರಂದು ಅದು ಹಾರಿತು. ಆ ಮೊದಲ ರಾತ್ರಿ ಇಸ್ರೋ ಬಳಸಿದ್ದು ‘ಕಾಲ್ ಆಫ್’ ಎಂಬುದನ್ನೇ. ಆದರೆ ಜೊತೆಗೆ ‘ಇಂದಿನ ಮಟ್ಟಿಗೆ’ ಎಂಬ ಮಾತು ಇತ್ತು. ಆ ದಿನದ ಉಡಾವಣೆ ರದ್ದು, ಯಾನ ಮುಂದಕ್ಕೆ. ಪದ ಬಲ್ಲವರು ಹೀಗೆ ಒಂದು ಸಣ್ಣ ಮಾತಿನಿಂದ ಕೋಟಿ ಜನರ ಗಾಬರಿಯನ್ನು ತಡೆಯುತ್ತಾರೆ.

ಈಗ ನಮ್ಮ ಕನ್ನಡಕ್ಕೆ ಬರೋಣ. ಏಕೆಂದರೆ ಕನ್ನಡದ ಮಕ್ಕಳು ಬೀಳುವ ದೊಡ್ಡ ಹಳ್ಳ ಇಂಗ್ಲಿಷಿನಲ್ಲಿಲ್ಲ, ಕನ್ನಡದಲ್ಲಿಯೇ ಇದೆ. ನಾವು ‘ಪರೀಕ್ಷೆ ಮುಂದಕ್ಕೆ ಹಾಕಿದರು’ ಎನ್ನುತ್ತೇವೆ. ಮುಂದಕ್ಕೆ ಎಂದರೆ ‘ಫಾರ್ವರ್ಡ್’. ಹಾಕು ಎಂದರೆ ‘ಪುಟ್’. ಎರಡನ್ನೂ ಜೋಡಿಸಿ ‘ದೇ ಪುಟ್ ದಿ ಎಕ್ಸಾಮ್ ಫಾರ್ವರ್ಡ್’ ಎಂದು ಬರೆದಿರೋ, ಕೆಟ್ಟಿತು. ಇಂಗ್ಲಿಷಿನವನ ಕಿವಿಗೆ ಅದು ‘ಪರೀಕ್ಷೆಯನ್ನು ಇನ್ನೂ ಬೇಗ ಇಟ್ಟರು’ ಎಂದು ಕೇಳುತ್ತದೆ! ‘ಬ್ರಿಂಗ್ ಫಾರ್ವರ್ಡ್’ ಎಂದರೂ ಹಾಗೆಯೇ: ಹತ್ತನೆಯ ತಾರೀಖಿನದನ್ನು ಐದಕ್ಕೆ ತರುವುದು. ಅವರು ‘ಪುಟ್ ಬ್ಯಾಕ್’ ಎಂದರೆ ನಾವು ಹೇಳುವ ‘ಮುಂದಕ್ಕೆ ಹಾಕು’. ನಮಗೆ ಬರಲಿರುವ ದಿನಗಳು ಮುಂದೆ ಇವೆ, ಆದ್ದರಿಂದ ಮುಂದಕ್ಕೆ ದೂಡಿದರೆ ಕೆಲಸ ತಡವಾಗುತ್ತದೆ. ಇಂಗ್ಲಿಷಿನ ಈ ಮಾತಿನಲ್ಲಿ ಕೆಲಸ ನಮ್ಮ ಎದುರು ನಿಂತಿದೆ; ಅದು ನಮ್ಮ ಕಡೆಗೆ ಮುಂದೆ ಬಂದರೆ ಬೇಗ, ಹಿಂದೆ ಸರಿದರೆ ತಡ. ಎರಡೂ ಸರಿಯಾದ ನೋಟಗಳೇ. ಒಂದರ ಕಣ್ಣಿನಿಂದ ನೋಡಿ ಇನ್ನೊಂದರ ಬಾಯಿಂದ ಹೇಳಿದರೆ ಮಾತ್ರ ತೊಂದರೆ. ಅನುಮಾನ ಬಂದಾಗ ‘ಪುಟ್ ಆಫ್’ ಅಥವಾ ‘ಪೋಸ್ಟ್‌ಪೋನ್’ ಎಂದುಬಿಡಿ, ಅಪಾಯವಿಲ್ಲ.

ಈ ‘ಪೋಸ್ಟ್‌ಪೋನ್’ ನೋಡಲು ದೊಡ್ಡ ಪದ, ಆದರೆ ಮನೆತನ ಒಂದೇ. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಎಂದರೆ ನಂತರ, ‘ಪೊನೆರೆ’ ಎಂದರೆ ಇಡು. ‘ನಂತರಕ್ಕೆ ಇಡು’, ಅಷ್ಟೇ. ಮನೆಮಾತಿನಲ್ಲಿ, ಗೆಳೆಯರಿಗೆ ಬರೆಯುವ ಕಾಗದದಲ್ಲಿ ‘ಪುಟ್ ಆಫ್’ ಸೊಗಸು. ಪ್ರಿನ್ಸಿಪಾಲರಿಗೆ ಬರೆಯುವ ಅರ್ಜಿಯಲ್ಲಿ, ಪ್ರಕಟಣೆಯಲ್ಲಿ ‘ಪೋಸ್ಟ್‌ಪೋನ್’ ಒಪ್ಪುತ್ತದೆ. ಪತ್ರಿಕೆಯವರು ಮಾತ್ರ ತಲೆಬರಹದಲ್ಲಿ ಜಾಗ ಉಳಿಸಲು ಚಿಕ್ಕದನ್ನೇ ಹಿಡಿಯುತ್ತಾರೆ. ‘ಪ್ರೀಪೋನ್’ ಎಂಬುದು ನಮ್ಮ ದೇಶದಲ್ಲಿ ಹಬ್ಬಿದ ಬಳಕೆ. ಆಕ್ಸ್‌ಫರ್ಡ್ ನಿಘಂಟು ಅದನ್ನು ಭಾರತೀಯ ಇಂಗ್ಲಿಷ್ ಎಂದು ಒಳಗೆ ಸೇರಿಸಿಕೊಂಡಿದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಹೊರದೇಶದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎಂದರೆ ಮರುಪ್ರಶ್ನೆ ಬರುವುದಿಲ್ಲ. ಇನ್ನು ‘ಅಡ್ಜರ್ನ್’. ಆಗಲೇ ಶುರುವಾಗಿರುವ ಕಲಾಪವನ್ನು ನಡುವೆ ನಿಲ್ಲಿಸಿ ಇನ್ನೊಂದು ಹೊತ್ತಿಗೆ ಇಟ್ಟುಕೊಂಡರೆ ಅದು. ಕನ್ನಡದ ಪತ್ರಿಕೆಗಳು ವಿಧಾನಸಭೆಯ ಕಲಾಪಕ್ಕೂ ಕ್ರಿಕೆಟ್ ಪಂದ್ಯಕ್ಕೂ ‘ಮುಂದೂಡಲಾಯಿತು’ ಎಂದೇ ಬರೆಯುವುದರಿಂದ ನಾವು ಇದನ್ನು ಗಮನಿಸುವುದಿಲ್ಲ.

ಇಷ್ಟು ಹೊತ್ತು ದಿನಾಂಕವನ್ನು ದೂರ ಇಟ್ಟೆವು. ಮನುಷ್ಯನನ್ನೇ ದೂರ ಇಟ್ಟರೆ?

ಸಾಲ ಕೇಳಲು ಬಂದವನಿಗೆ, ಕೊಟ್ಟ ಸಾಲ ವಾಪಸು ಕೇಳಲು ಬಂದವನಿಗೆ ಏನಾದರೊಂದು ಸಬೂಬು ಹೇಳಿ ಸಾಗಹಾಕುತ್ತೇವಲ್ಲ, ಅದಕ್ಕೂ ‘ಪುಟ್ ಆಫ್’ ಎನ್ನುತ್ತಾರೆ. ‘ಹಿ ಪುಟ್ ಮಿ ಆಫ್ ವಿತ್ ಆನ್ ಎಕ್ಸ್‌ಕ್ಯೂಸ್’ ಎಂದರೆ ಸಬೂಬು ಹೇಳಿ ನನ್ನನ್ನು ಸಾಗಹಾಕಿದ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು ಎಂದು ಹಿರಿಯರಿಂದ ಕೇಳಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಚಿತ್ರಕ್ಕೂ ಈ ಕಥೆಯೇ ಆಧಾರ. ‘ಪುಟ್ ಆಫ್’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ನಿಘಂಟಿನಲ್ಲೂ ಇಲ್ಲ: ದಿನವನ್ನೂ ಮುಂದೂಡಿದ್ದಾರೆ, ಬಂದವರನ್ನೂ ಸಾಗಹಾಕಿದ್ದಾರೆ! ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎಂಬುದು ನನಗೆ ಸಂತೋಷದ ವಿಷಯ. ಕಚೇರಿಗಳ ಕಿಟಕಿಯಲ್ಲಿ ‘ನಾಳೆ ಬನ್ನಿ’ ಎಂದು ಬಾಯಿಮಾತಿನಲ್ಲಿಯೇ ಹೇಳುತ್ತಾರೆ; ಅರ್ಥ ಒಂದೇ.

ಮನೆಗೆ ಬರುವ ಅತಿಥಿಗಳಿಗೆ ‘ಈ ವಾರ ಬೇಡ, ಮಗುವಿಗೆ ಜ್ವರ, ಮುಂದಿನ ವಾರ ಬನ್ನಿ’ ಎಂದು ತಿಳಿಸಿದರೂ ಇದೇ ಪದ. ‘ವಿ ಹ್ಯಾಡ್ ಟು ಪುಟ್ ದೆಮ್ ಆಫ್.’ ಇದರಲ್ಲಿ ಅಗೌರವವೇನೂ ಇಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಮನಸ್ಸೇ ದೂರ ಸರಿಯುವುದು. ಊಟಕ್ಕೆ ಕುಳಿತಾಗ ಏನೋ ಕೆಟ್ಟ ವಾಸನೆ ಬಂದು ಊಟವೇ ಬೇಡವಾದರೆ ‘ದಿ ಸ್ಮೆಲ್ ಪುಟ್ ಮಿ ಆಫ್ ಮೈ ಫುಡ್’. ಇಲ್ಲಿ ಗಮನಿಸಿ: ‘ಮಿ’ ನಡುವೆ ಬಂತು, ‘ಆಫ್’ ಆದ ಮೇಲೆ ಇನ್ನೊಂದು ಪದ ಬಂತು. ಯಾರನ್ನು, ಯಾವುದರಿಂದ ಎಂಬ ಎರಡನ್ನೂ ಇದು ಹೊರುತ್ತದೆ. ನಮ್ಮ ಪಂಚಮೀ ವಿಭಕ್ತಿಯ ಕೆಲಸವನ್ನು ಅಲ್ಲಿ ‘ಆಫ್’ ಮಾಡುತ್ತದೆ. ‘ದಟ್ ಟೀಚರ್ ಪುಟ್ ಮಿ ಆಫ್ ಮ್ಯಾಥ್ಸ್’ ಎಂದರೆ ಆ ಮೇಷ್ಟ್ರಿಂದಾಗಿ ನನಗೆ ಗಣಿತದ ಮೇಲಿನ ಆಸೆಯೇ ಹೋಯಿತು. ಬಹಳ ಜನ ಹೇಳುವ ಮಾತಿದು. ಮೇಷ್ಟ್ರಾದ ನನಗೆ ಕೇಳಿದಾಗಲೆಲ್ಲ ಮುಳ್ಳು ಚುಚ್ಚಿದಂತಾಗುತ್ತದೆ. ಹೊರಗೆ ಒರಟಾಗಿ ಕಂಡು ಒಳಗೆ ಒಳ್ಳೆಯವರಾದವರ ಬಗ್ಗೆ ‘ಡೋಂಟ್ ಬಿ ಪುಟ್ ಆಫ್ ಬೈ ಹಿಸ್ ಮ್ಯಾನರ್’ ಎನ್ನುತ್ತಾರೆ. ಅವರ ರೀತಿ ನೋಡಿ ಹಿಂಜರಿಯಬೇಡ ಎಂದು. ಹೀಗೆ ಹಿಂಜರಿಯುವಂತೆ ಮಾಡುವ ಗುಣಕ್ಕೆ ಪದವನ್ನೇ ತಿರುಗಿಸಿ ‘ಆಫ್-ಪುಟ್ಟಿಂಗ್’ ಎಂಬ ಗುಣವಾಚಕ ಮಾಡಿಕೊಂಡಿದ್ದಾರೆ. ‘ಮೂಡ್ ಆಫ್’ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಅದು ನಮ್ಮ ದೇಶದೊಳಗೆ ನಡೆಯುವ ನಾಣ್ಯ. ಆಚೆ ‘ಐ ಆಮ್ ಇನ್ ಎ ಬ್ಯಾಡ್ ಮೂಡ್’ ಎನ್ನಿ.

ಏಕಾಗ್ರತೆ ಕೆಡುವುದಕ್ಕೂ ಇದೇ ಪದ. ಬೌಲರ್ ಓಡಿಬರುತ್ತಿರುವಾಗ ಸೈಟ್‌ಸ್ಕ್ರೀನ್ ಮುಂದೆ ಯಾರೋ ಎದ್ದು ನಡೆದಾಡುತ್ತಾರೆ. ಬ್ಯಾಟ್ಸ್‌ಮನ್ ಕೈಯೆತ್ತಿ ತಡೆಯುತ್ತಾನೆ. ‘ದಿ ಮೂವ್‌ಮೆಂಟ್ ಪುಟ್ ಹಿಮ್ ಆಫ್’ ಎಂದು ವೀಕ್ಷಕ ವಿವರಣೆಯಲ್ಲಿ ಕೇಳಿರುತ್ತೀರಿ. ಪಂದ್ಯ ಮುಂದಕ್ಕೆ ಹೋಯಿತು ಎಂದುಕೊಂಡು ಟಿವಿ ಆರಿಸಬೇಡಿ!

ಇನ್ನುಳಿದ ಅರ್ಥಗಳನ್ನು ಬೇಗ ನೋಡಿಬಿಡೋಣ. ದೋಣಿ ದಡ ಬಿಟ್ಟು ಹೊರಟರೆ ‘ಪುಟ್ ಆಫ್’. ಬಸ್ಸಿನ ಕಂಡಕ್ಟರಿಗೆ ‘ಇಂಥ ಕಡೆ ನನ್ನನ್ನು ಇಳಿಸಿ’ ಎನ್ನಲು ಇಂಗ್ಲೆಂಡಿನಲ್ಲಿ ಇದನ್ನು ಬಳಸುವುದುಂಟು. ದೀಪ ಆರಿಸುವುದಕ್ಕೂ ಇದೆ. ನಮ್ಮಲ್ಲಿ ಅದು ಹೆಚ್ಚು, ಅಲ್ಲಿ ಈಗ ‘ಟರ್ನ್ ಆಫ್’, ‘ಸ್ವಿಚ್ ಆಫ್’ ಹೆಚ್ಚು. ಆದರೆ ಬೆಂಕಿಯನ್ನು ‘ಪುಟ್ ಆಫ್’ ಮಾಡುವಂತಿಲ್ಲ. ಬೆಂಕಿಗೆ, ಮೇಣದಬತ್ತಿಗೆ ‘ಪುಟ್ ಔಟ್’. ಬೆಂಕಿಯನ್ನು ‘ಪುಟ್ ಆಫ್’ ಮಾಡಿ ಎಂದರೆ ನಾಳೆ ಉರಿಯಲಿ ಎಂದ ಹಾಗಾದೀತು.

ಬಟ್ಟೆ, ಪಾದರಕ್ಷೆ ಕಳಚುವುದಕ್ಕೆ 1611ರ ಇಂಗ್ಲಿಷ್ ಬೈಬಲ್ಲಿನ ಕಾಲದಲ್ಲಿ ‘ಪುಟ್ ಆಫ್’ ಸಹಜವಾಗಿತ್ತು. ಈಗ ಅದು ಹಳೆಯದಾಯಿತು. ‘ಟೇಕ್ ಆಫ್’ ಎನ್ನಬೇಕು. ‘ಪುಟ್ ಆನ್’ ಎಂಬುದರ ವಿರುದ್ಧ ಪದ ‘ಪುಟ್ ಆಫ್’ ಎಂದು ಲೆಕ್ಕ ಹಾಕಿ ಬರೆದು ಅಂಕ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅಂದಹಾಗೆ, ಆ ‘ಪುಟ್ ಆನ್’ ಒಂದಕ್ಕೆ ನಮ್ಮಲ್ಲಿ ಎಷ್ಟು ಪದಗಳಿವೆ ನೋಡಿ: ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂವು ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷ್ ಕಷ್ಟ ಎಂದು ಕೊರಗುವಾಗ ಕನ್ನಡ ಕಲಿಯುವವನ ಕಷ್ಟವನ್ನೂ ನೆನೆಯಬೇಕು.

ನಿಜಕ್ಕೂ ನೆನೆಯಬೇಕು. ಕ್ರಿಯಾಪದದ ಬೆನ್ನಿಗೆ ‘ಆಫ್’, ‘ಅಪ್’, ‘ಔಟ್’ ಮುಂತಾದ ಸಣ್ಣ ಪದ ಅಂಟಿಸಿ ಹೊಸ ಅರ್ಥ ಹುಟ್ಟಿಸುವ ಇಂಥ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಪುಸ್ತಕದಿಂದ. ಹೆಸರು ಹೊಸದು, ತೊಂದರೆ ಹಳೆಯದು. ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟಿನ ಮುನ್ನುಡಿಯಲ್ಲಿಯೇ ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಷ್ಟ ಕೊಡುವುದು ಈ ಜೋಡಿಗಳೇ ಎಂದು ಒಪ್ಪಿಕೊಂಡಿದ್ದಾರೆ. ಆದರೆ ನಮ್ಮ ‘ಕೈಕೊಡು’ ಎಂಬುದನ್ನು ಒಬ್ಬ ಇಂಗ್ಲಿಷಿನವನಿಗೆ ವಿವರಿಸಿ ನೋಡಿ. ‘ಬಸ್ಸು ಕೈಕೊಟ್ಟಿತು’ ಎಂದರೆ ಬಸ್ಸಿಗೆ ಕೈ ಎಲ್ಲಿದೆ, ಅದು ಯಾರಿಗೆ ಕೊಟ್ಟಿತು? ‘ಕೈಬಿಡು’ ಬೇರೆ, ‘ಕೈಹಿಡಿ’ ಬೇರೆ, ‘ಕೈಹಾಕು’ ಮತ್ತೂ ಬೇರೆ. ‘ನೋಡು’ ಎಂಬುದಕ್ಕೆ ‘ಕೊಳ್ಳು’ ಸೇರಿ ‘ನೋಡಿಕೊಳ್ಳು’ ಆದರೆ ಮಗುವನ್ನು ಸಾಕುವುದು, ರೋಗಿಯ ಆರೈಕೆ ಮಾಡುವುದು ಎಲ್ಲ ಅದರಲ್ಲಿ ಬಂತು. ಇಂಗ್ಲಿಷಿನಲ್ಲೂ ‘ಲುಕ್’ ಎಂಬುದಕ್ಕೆ ‘ಆಫ್ಟರ್’ ಸೇರಿದರೆ ಅದೇ ಅರ್ಥ! ಅಂದಮೇಲೆ ಈ ಉಪಾಯ ನಿಮಗೆ ಹೊಸದಲ್ಲ. ತಾಯಿಯ ಮಡಿಲಲ್ಲಿ ಕಲಿತದ್ದನ್ನು ಇನ್ನೊಂದು ಭಾಷೆಯಲ್ಲಿ ಗುರುತಿಸಬೇಕು, ಅಷ್ಟೆ.

ವಾಕ್ಯ ಕಟ್ಟುವ ಬಗ್ಗೆ ಮೂರು ಮಾತು. ಪರೀಕ್ಷೆಯಲ್ಲಿ ಕೇಳುವುದು ಇವನ್ನೇ.

ನಾಮಪದವನ್ನು ನೀವು ನಡುವೆಯೂ ಇಡಬಹುದು, ಕೊನೆಗೂ ಇಡಬಹುದು. ‘ಪುಟ್ ಆಫ್ ದಿ ಟ್ರಿಪ್’ ಸರಿ, ‘ಪುಟ್ ದಿ ಟ್ರಿಪ್ ಆಫ್’ ಸಹ ಸರಿ. ಆದರೆ ಸರ್ವನಾಮ ಬಂದರೆ ಅದರ ಜಾಗ ನಡುವೆಯೇ. ‘ಪುಟ್ ಇಟ್ ಆಫ್’ ಎನ್ನಬೇಕು. ‘ಪುಟ್ ಆಫ್ ಇಟ್’ ತಪ್ಪು. ಬಾಯಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳಿಕೊಳ್ಳಿ, ನಿಯಮ ಮರೆತರೂ ಕಿವಿ ಮರೆಯುವುದಿಲ್ಲ. ಹೇಳುವಾಗ ‘ಪುಟ್’ ಎಂಬುದರ ಕೊನೆಯ ಟಕಾರ ಮುಂದಿನ ಸ್ವರಕ್ಕೆ ಅಂಟಿ ‘ಪುಟಾಫ್’ ಎಂಬಂತೆ ಕೇಳಬೇಕು, ಒತ್ತು ‘ಆಫ್’ ಮೇಲೆ ಬೀಳಬೇಕು. ಅಕ್ಷರ ಒಂದೇ ಇದ್ದರೂ ‘ಬಟ್’ ಎಂಬುದರಂತೆ ‘ಪಟ್’ ಅಲ್ಲ, ‘ಪುಸ್ತಕ’ದಲ್ಲಿರುವ ‘ಪು’.

ಇದರ ನಂತರ ಇನ್ನೊಂದು ಕ್ರಿಯೆ ಬಂದರೆ ‘ಇಂಗ್’ ರೂಪ ಬೇಕು. ‘ಡಾಕ್ಟರ ಬಳಿ ಹೋಗುವುದನ್ನು ಅವಳು ಮುಂದೂಡಿದಳು’ ಎನ್ನಲು ‘ಶಿ ಪುಟ್ ಆಫ್ ಗೋಯಿಂಗ್ ಟು ದಿ ಡಾಕ್ಟರ್’. ‘ಪುಟ್ ಆಫ್ ಟು ಗೋ’ ಎಂಬುದಿಲ್ಲ. ಕನ್ನಡದವರಿಗೆ ಇದು ಸುಲಭವಾಗಬೇಕು: ನಾವೂ ‘ಹೋಗಲು ಮುಂದೂಡಿದಳು’ ಎನ್ನುವುದಿಲ್ಲ, ‘ಹೋಗುವುದನ್ನು’ ಎನ್ನುತ್ತೇವೆ.

ಭೂತಕಾಲದಲ್ಲಿಯೂ ‘ಪುಟ್’ ಎಂದೇ. ‘ಪುಟೆಡ್’ ಎಂಬ ಪದವನ್ನು ಬರೆದವರು ಅದನ್ನು ಎಲ್ಲಿಂದ ತರುತ್ತಾರೋ ನಾನರಿಯೆ. ರೂಪ ಬದಲಾಗದ ಕಾರಣ ‘ದೇ ಪುಟ್ ಆಫ್’ ಎಂದಾಗ ಈಗಿನದೋ ಹಿಂದಿನದೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು. ಯಾವ ದಿನಕ್ಕೆ ಎಂದು ಹೇಳಲು ‘ಟಿಲ್’, ‘ಅಂಟಿಲ್’, ‘ಟು’ ನಡೆಯುತ್ತವೆ. ಎಷ್ಟು ಕಾಲ ಎನ್ನಲು ‘ಫಾರ್’. ‘ಪುಟ್ ಆಫ್ ಟಿಲ್ ಮಂಡೆ’ ಎಂದರೆ ಸೋಮವಾರಕ್ಕೆ, ‘ಪುಟ್ ಆಫ್ ಫಾರ್ ಎ ವೀಕ್’ ಎಂದರೆ ಒಂದು ವಾರ. ಈ ಸಣ್ಣ ಬಾಲ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಅಂದು ಆ ಟೆಲಿಗ್ರಾಂ ಕಳುಹಿಸಿದವರು ಇನ್ನು ಎರಡು ಪದಕ್ಕೆ ಹಣ ಕೊಟ್ಟು ‘ನೆಕ್ಸ್ಟ್ ಮಂತ್’ ಎಂದು ಸೇರಿಸಿದ್ದರೆ ನನ್ನಂಥ ಹುಡುಗನ ಕೈಯಲ್ಲೂ ಅದು ಕೆಡುತ್ತಿರಲಿಲ್ಲ. ಇಂದು ಪದಕ್ಕೆ ಹಣವಿಲ್ಲ. ಆದರೂ ಮೊಬೈಲ್ ಸಂದೇಶಗಳಲ್ಲಿ ‘ಇಂಟರ್‌ವ್ಯೂ ಪುಟ್ ಆಫ್’ ಎಂದಷ್ಟೇ ಬರೆದು ಬಿಡುವವರಿದ್ದಾರೆ. ನಿಮಗೆ ಅಂಥದು ಬಂದರೆ ‘ಟಿಲ್ ವೆನ್?’ ಎಂದು ಕೂಡಲೇ ಕೇಳಿ. ಕೇಳಲು ನಾಚಿಕೆ ಬೇಡ.

ಮುಗಿಸುವ ಮೊದಲು ಕೆಳಗಿನ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಪ್ರಯತ್ನಿಸಿ. ಕೆಲವಕ್ಕೆ ‘ಪುಟ್ ಆಫ್’ ಬೇಕು, ಕೆಲವಕ್ಕೆ ಬೇಡ. ಯಾವುದಕ್ಕೆ ಯಾವುದು ಎಂಬುದನ್ನು ನೀವೇ ತೀರ್ಮಾನಿಸಿ, ನಿಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸಿ.

ಮಳೆ ಬಂದು ಪಂದ್ಯ ರದ್ದಾಯಿತು. ಅಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುವುದನ್ನು ಮುಂದೂಡುತ್ತಲೇ ಇದ್ದಾರೆ. ಹತ್ತನೆಯ ತಾರೀಖಿನ ಪರೀಕ್ಷೆಯನ್ನು ಏಳಕ್ಕೆ ಇಟ್ಟಿದ್ದಾರೆ. ಹಿಂದಿನ ಬೆಂಚಿನವರ ಪಿಸುಮಾತಿನಿಂದ ನನ್ನ ಗಮನ ಕೆಟ್ಟಿತು. ಮೂರು ತಿಂಗಳಿಂದ ಅವರು ನನ್ನನ್ನು ಏನೇನೋ ಹೇಳಿ ಸಾಗಹಾಕುತ್ತಿದ್ದಾರೆ. ಅಡುಗೆಮನೆಯ ಬೆಂಕಿ ಆರಿಸಿ. ಮದುವೆ ಮುಂದಿನ ತಿಂಗಳಿಗೆ ಹೋಗಿದೆ, ನಿಂತಿಲ್ಲ.